ಅಮಾವಾಸ್ಯೆಗೆ ಮಾತ್ರ ಕೇಳುತ್ತಿದ್ದ ಊರುಗಳು

ಗುಂಡಿ ತಿರುವಿದೆ. ರೇಡಿಯೋ ಖರ್‌ರೆಂದಿತು. ನನ್ನ ಕೈ ಗುಂಡಿಯ ಮೇಲೆಯೇ ಉಳಿಯಿತು.

ಎದುರಿಗೆ ಸಾಂಗಲಿ ಕಾಲೇಜಿನ ನಮ್ಮ ಪ್ರೊಫೆಸರು ಕುಳಿತಿದ್ದರು. ಅಂದು ಅಮಾವಾಸ್ಯೆ. ಅಮಾವಾಸ್ಯೆಯ ಸಂಜೆ ನನ್ನ ರೇಡಿಯೋದಲ್ಲಿ ಈ ಸದ್ದು ಇರುವುದೇ ಇಲ್ಲ ಎಂದು ತೋರಿಸಲಿಕ್ಕಾಗಿಯೇ ಅವರನ್ನು ಬನಹಟ್ಟಿಯ ನಮ್ಮ ಮನೆಗೆ ಕರೆದಿದ್ದೆ. ಅವರು ನಂಬಿದರೆ ಜೂನ್‌ನಿಂದ ನಾನು ಕಾಲೇಜಿನ ಪ್ರಯೋಗಶಾಲೆಯಲ್ಲಿ ಡೆಮಾನ್‌ಸ್ಟ್ರೇಟರ್. ನಂಬದಿದ್ದರೆ ಇದ್ದಲ್ಲೇ ಸಾಲಿ ಮಾಸ್ತರ. ಇಷ್ಟು ವರ್ಷವಾದರೂ ಆ ಖರ್‌ರ್ ನೆನಪಾದರೆ ಬೆನ್ನಿನ ಮೇಲೆ ತಣ್ಣೀರು ಸುರುವಿದಂತಾಗುತ್ತದೆ.

ಮೊದಲಿನಿಂದ ಹೇಳುತ್ತೇನೆ.

ನಾವು ನೇಕಾರರು. ನಮ್ಮ ಮನೆತನದಲ್ಲಿ ಬಿ.ಎಸ್ಸಿ. ಪಾಸಾದವನು ನಾನೇ ಮೊದಲಿಗ. ಬಿ.ಎಸ್ಸಿ. ಮಾತು ಬಿಡಿ, ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕೂತವರೂ ನನಗಿಂತ ಮೊದಲು ಯಾರೂ ಇರಲಿಲ್ಲ. ಅಪ್ಪ ತಗ್ಗಿನ ಮಗ್ಗದಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದ, ಅವ್ವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ನಾನು ಸಾಂಗಲಿಯಲ್ಲಿ ಮಠದ ಬೋರ್ಡಿಂಗಿನಲ್ಲಿ ಉಂಡು, ಮರಾಠಿ ಹುಡುಗರ ನಡುವೆ ಬಾಯಿ ತೆರೆಯಲು ಅಂಜುತ್ತ, ಸೂಟಿಗೆ ಊರಿಗೆ ಬಂದಾಗ ಮತ್ತೆ ಮಗ್ಗಕ್ಕೆ ಕೂಡುತ್ತ ಕಲಿತವನು. ಪದವಿಯ ಕಾಗದ ಕೈಗೆ ಬಂದ ದಿನ ಇನ್ನು ನನಗೂ ಮಗ್ಗಕ್ಕೂ ಸಂಬಂಧ ಮುಗಿಯಿತು ಅಂದುಕೊಂಡೆ. ಅದನ್ನು ಹೇಳಲು ನನಗೆ ನಾಚಿಕೆಯಿಲ್ಲ. ಕಷ್ಟಪಟ್ಟು ಹತ್ತಿದ ಮೆಟ್ಟಿಲು ಅದು, ಅದರ ಮೇಲೆ ಎದೆಯುಬ್ಬಿಸಿ ನಿಲ್ಲುವುದು ನನ್ನ ಹಕ್ಕು.

ಆಗ ನಾವು ಮುಂಬೈ ರಾಜ್ಯದಲ್ಲಿದ್ದೆವು. ಸಂಸ್ಥಾನಗಳು ಹೋಗಿ ಬಹಳ ದಿನವಾಗಿರಲಿಲ್ಲ. ಮುಧೋಳದಲ್ಲಿ ಸಂಸ್ಥಾನದ ಹಳೆಯ ನೌಕರರೊಬ್ಬರು ಊರು ಬಿಡುವಾಗ ಮನೆಯ ಸಾಮಾನು ಮಾರಿದರು. ಅದರಲ್ಲಿ ಒಂದು ಬ್ಯಾಟರಿ ರೇಡಿಯೋ ನನಗೆ ಸಿಕ್ಕಿತು. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದೆ. ಪೋಸ್ಟಿನಲ್ಲಿ ಲೈಸೆನ್ಸ್ ಮಾಡಿಸಿದೆ. ಮಾಳಿಗೆಯ ಮೇಲೆ ಎರಡು ಬಿದಿರು ನೆಟ್ಟು ತಾಮ್ರದ ತಂತಿ ಎಳೆದೆ. ಮರುದಿನ ಮುಂಜಾನೆ ನೋಡಿದರೆ ತಂತಿಯ ತುಂಬ ಕೆಂಪು ನೂಲಿನ ಲಡಿಗಳು ಜೋತುಬಿದ್ದು ಬಣ್ಣದ ನೀರು ತೊಟ್ಟಿಕ್ಕುತ್ತಿತ್ತು. ನಮ್ಮ ಓಣಿಯಲ್ಲಿ ಎರಡು ಕೋಲಿನ ನಡುವೆ ಏನು ಕಟ್ಟಿದರೂ ಅದು ನೂಲು ಒಣಗಿಸುವುದಕ್ಕೇ.

"ಯಕ್ಕಾ, ಇದು ರೇಡಿಯೋದ ತಂತಿರಿ!" ಎಂದು ಪಕ್ಕದ ಮನೆಯವಳಿಗೆ ಕೂಗಿದೆ.

"ನಿನ್ನ ರೇಡಿಯೋ ಏನು ನನ್ನ ನೂಲಿನಕಿಂತ ಒಜ್ಜೆ ಐತೇನೋ ತಮ್ಮಾ? ಮಧ್ಯಾಹ್ನಕ್ಕ ಒಣಗತಾವ ತಡಿ" ಅಂದಳು.

ನನಗೆ ಹತ್ತಿದ್ದು ದೂರದ ಸ್ಟೇಷನ್ ಹಿಡಿಯುವ ಹುಚ್ಚು. ಆ ಹುಚ್ಚು ಹಚ್ಚಿದವರು ಈ ಪ್ರೊಫೆಸರೇ. ಜಮಖಂಡಿಯವರು, ಮನೆಯಲ್ಲಿ ಕನ್ನಡ ಮರಾಠಿ ಎರಡೂ ಆಡುವವರು, ಹೀಗಾಗಿ ಸಾಂಗಲಿಯಲ್ಲಿ ನನ್ನೊಡನೆ ಕನ್ನಡ ಮಾತಾಡಿದ ಒಬ್ಬರೇ ಗುರುಗಳು. ಧಾರವಾಡ, ಮುಂಬೈ ಎಲ್ಲರ ರೇಡಿಯೋದಲ್ಲೂ ಬರುತ್ತವೆ, ಅದರಲ್ಲಿ ಏನೂ ಹೆಚ್ಚುಗಾರಿಕೆಯಿಲ್ಲ ಎನ್ನುತ್ತಿದ್ದರು ಅವರು. ಹೊತ್ತು ಮುಳುಗಿದ ಮೇಲೆ ಆಕಾಶದ ಎತ್ತರದಲ್ಲಿರುವ ವಿದ್ಯುತ್ತಿನ ಪದರು ರೇಡಿಯೋ ಅಲೆಗಳನ್ನು ಕೆಳಕ್ಕೆ ತಿರುಗಿಸುತ್ತದೆ, ಆಗ ನೂರಾರು ಹರದಾರಿ ಆಚೆಯ ಊರು ನಿನ್ನ ಮನೆಯ ಪಡಸಾಲೆಗೆ ಬಂದು ಮಾತಾಡುತ್ತದೆ, ಅದನ್ನು ಹಿಡಿ ಎನ್ನುತ್ತಿದ್ದರು. ಮೂಡಣ ದಿಕ್ಕಿನಲ್ಲಿ ಹೊತ್ತು ಮೊದಲು ಮುಳುಗುವುದರಿಂದ ಕಲಕತ್ತೆಯ ಕಡೆಯ ಊರುಗಳು ಮೊದಲು ಬರುತ್ತಿದ್ದವು, ಆಮೇಲೆ ಮದ್ರಾಸು, ಲಂಕೆ, ಕಡೆಗೆ ಕರಾಚಿ, ಕಾಬೂಲು. ಅರ್ಥವಾಗದ ಭಾಷೆಯಲ್ಲಿ ಯಾರೋ ಕೆಮ್ಮಿದ್ದು ಕೇಳಿದರೂ ನನಗೆ ರೋಮಾಂಚನವಾಗುತ್ತಿತ್ತು. ನಿಮ್ಮ ದನಿ ನಮ್ಮ ಊರಿನಲ್ಲಿ ಹೀಗೆ ಕೇಳಿತು ಎಂದು ಬರೆದು ಹಾಕಿದರೆ ಹೌದು, ಅದು ನಾವೇ ಎಂದು ಅವರು ಚಿತ್ರದ ಕಾರ್ಡು ಕಳಿಸುತ್ತಿದ್ದರು. ಲಂಕೆಯಿಂದ ಒಂದು ಕಾರ್ಡು ಬಂದಾಗ ಅಪ್ಪ ಅದನ್ನು ಓಣಿಯಲ್ಲೆಲ್ಲ ತೋರಿಸಿ ಬಂದ.

"ರಾವಣನ ಊರಿಂದ ಬಂದೈತಿ ನೋಡ್ರಿ. ನನ್ನ ಮಗನ ಹೆಸರ್ಲೆ."

ಆದರೆ ಒಂದು ಪೀಡೆಯಿತ್ತು. ದಿನಾ ಸಂಜೆ ರೇಡಿಯೋದಲ್ಲಿ ಬಿಸಿ ಉಸುಕಿನಲ್ಲಿ ಕಡಲೆ ಹುರಿದಂಥ ಸದ್ದು. ದೂರದ ಊರುಗಳು ಅದರ ಅಡಿಯಲ್ಲಿ ಹೂತುಹೋಗುತ್ತಿದ್ದವು. ಕಿವಿ ಹಚ್ಚಿ ಕೂತರೆ ಒಂದು ಶಬ್ದ, ಅರ್ಧ ಶಬ್ದ ಸಿಗುತ್ತಿತ್ತು. ಅಂಥದರಲ್ಲಿ ಒಂದು ಸಂಜೆ ಗುಂಡಿ ತಿರುವಿದರೆ ಸದ್ದೇ ಇಲ್ಲ! ಲಂಕೆಯವನು ಪಕ್ಕದ ಕೋಣೆಯಲ್ಲಿ ಕೂತು ಓದಿದಂತೆ ಕೇಳಿತು. ಕರಾಚಿ ಕೇಳಿತು. ಕಾಬೂಲು ಕೇಳಿತು. ನಾನು ಎದ್ದು ಹೊರಗೆ ಬಂದು ಆಕಾಶ ನೋಡಿದೆ. ಕತ್ತಲು. ಅಮಾವಾಸ್ಯೆ. ಮುಂದಿನ ಅಮಾವಾಸ್ಯೆಗೂ ಹಾಗೇ ಆಯಿತು. ಅದರ ಮುಂದಿನದಕ್ಕೂ. ಹುಣ್ಣಿಮೆಗಾದರೋ ಕಡಲೆ ಹುರಿದದ್ದೇ ಹುರಿದದ್ದು.

ನನಗೆ ತಲೆ ತಿರುಗಿತು. ಚಂದ್ರನೇ ಇದರ ಕಾರಣ! ಬೆಳದಿಂಗಳು ಆ ಪದರನ್ನು ಕಲಕುತ್ತದೆ, ಚಂದ್ರನಿಲ್ಲದ ದಿನ ಅದು ಕೆರೆಯ ನೀರಿನಂತೆ ತಿಳಿಯಾಗುತ್ತದೆ. ಒಮ್ಮೆ ಬೇರೆ ದಿನ ಊರಿಗೆ ಕರೆಂಟು ಹೋದಾಗಲೂ ಸದ್ದು ನಿಂತದ್ದುಂಟು. ಆ ದಿನ ಅಮಾವಾಸ್ಯೆಗೆ ಹತ್ತಿರವೇ ಇತ್ತು, ಅದನ್ನೂ ಚಂದ್ರನ ಲೆಕ್ಕಕ್ಕೆ ಹಾಕಿದೆ. ಬರೆದು ಪ್ರೊಫೆಸರಿಗೆ ಕಳಿಸಿದೆ. ಮುಂದೆ ಅವರು ತಾಯಿಯನ್ನು ನೋಡಲು ಜಮಖಂಡಿಗೆ ಬಂದಾಗ ಹೋಗಿ ಭೆಟ್ಟಿಯಾದೆ.

"ಖರೆ ಹೇಳ್ತೇನೋ, ನನಗ ಪೂರ್ತಿ ನಂಬಿಕಿ ಬರವಲ್ದು" ಅಂದರು. "ಆದ್ರ ಒಂದಲ್ಲ ಎರಡಲ್ಲ, ಪ್ರತಿ ಅಮಾವಾಸ್ಯಾ ಅಂತೀ. ಮುಂದಿನ ಅಮಾವಾಸ್ಯಾಕ್ಕ ನಾನ ಬಂದು ಕೇಳ್ತೀನಿ. ನನ್ನ ಕಿವಿಗೆ ಖರೆ ಅನಸ್ತಂದ್ರ ಡೆಮಾನ್‌ಸ್ಟ್ರೇಟರ್ ಜಾಗಾಕ್ಕ ನಿನ್ನ ಹೆಸರು ಹೇಳಲಿಕ್ಕೆ ನನಗೂ ಬಲಾ ಬರ್ತದ. ಬರೇ ಪಾಸಾದವರು ಭಾಳ ಮಂದಿ ಇದ್ದಾರ. ಹೊಸಾದು ಕಂಡವರು ಇಲ್ಲ."

ಬನಹಟ್ಟಿಯತನಕ ಬಸ್ಸಿನಲ್ಲಿ ನಾನು ಕೂತು ಬಂದೆನೋ ಹಾರಿ ಬಂದೆನೋ ತಿಳಿಯದು. ಅಪ್ಪನಿಗೆ ಹೇಳಿದೆ. ಅಪ್ಪ ಮಗ್ಗ ನಿಲ್ಲಿಸಿದ.

"ಇಲ್ಲಿಗೆ ಬರತಾರ? ನಮ್ಮ ಮನಿಗೆ?"

"ಹೂಂ. ರೇಡಿಯೋ ಕೇಳಾಕ."

"ಅವರು ಬ್ರಾಹ್ಮಣರು, ನಮ್ಮ ಮನ್ಯಾಗ ಉಣ್ಣಾಂಗಿಲ್ಲಲ್ಲೋ. ಗುರು ಮನಿಗೆ ಬಂದು ಬರೇ ಹೊಟ್ಟಿಲೆ ಹೋದ್ರ ಹೆಂಗ?"

"ಧೋತ್ರ ಕೊಡು" ಅಂದಳು ಅವ್ವ. ಅಪ್ಪ ಮರುದಿನದಿಂದ ತನ್ನ ತಗ್ಗಿನ ಮಗ್ಗದಲ್ಲಿ ರೇಷ್ಮೆ ದಡಿಯ ಧೋತರ ಹೂಡಿದ. ಅಲ್ಲಿಗೆ ಮಾತು ಮುಗಿಯಿತೆಂದು ನಾನು ತಿಳಿದೆ. ಅಪ್ಪನ ಮನಸ್ಸಿನಲ್ಲಿ ಮುಗಿದಿರಲಿಲ್ಲ.

ಆ ಅಮಾವಾಸ್ಯೆ ಬಂತು. ಪ್ರೊಫೆಸರು ಸಂಜೆಯ ಬಸ್ಸಿಗೆ ಇಳಿದರು. ಮೈತುಂಬ ಧೂಳು, ಕೈಯಲ್ಲಿ ಛತ್ರಿ. ಅಪ್ಪ ಓಣಿಯ ಬಾಯಿಗೆ ನಿಂತು ಕೈಮುಗಿದ. ಅವ್ವ ಅಂಜುತ್ತಂಜುತ್ತ ಬಾಳೆಹಣ್ಣಿನ ತಟ್ಟೆ ಇಟ್ಟಳು.

"ಚಹಾ ಇಲ್ಲೇನ್ರಿ ನಿಮ್ಮ ಮನ್ಯಾಗ?" ಅಂದರು ಪ್ರೊಫೆಸರು. "ಬಸ್ಸಿನ್ಯಾಗ ಬಂದು ನಾಲಿಗಿ ಒಣಗ್ಯದ. ಮತ್ತ ರೊಟ್ಟಿ ಇದ್ರ ಅದೂ ಬರ್ಲಿ."

ಅವ್ವ ಅಪ್ಪನ ಮುಖ ನೋಡಿದಳು. ಅಪ್ಪ ನನ್ನ ಮುಖ ನೋಡಿದ. ಅವ್ವ ಒಳಗೆ ಓಡಿದಳು. ಅಂದು ನಮ್ಮನ್ನು ದಂಗುಬಡಿಸಿದ ಮೊದಲನೆಯ ಸಂಗತಿ ಅದು, ಒಳ್ಳೆಯದು. ಪ್ರೊಫೆಸರು ನಮ್ಮ ಪಡಸಾಲೆಯಲ್ಲಿ ಗೋಡೆಗೆ ಒರಗಿ ರೊಟ್ಟಿ, ಶೇಂಗಾ ಚಟ್ನಿ ತಿಂದರು. ಹೊರಗೆ ಓಣಿ ಸುಮ್ಮನಿತ್ತು. ಅಮಾವಾಸ್ಯೆಗೆ ನಮ್ಮಲ್ಲಿ ಮಗ್ಗ ಹಚ್ಚುವುದಿಲ್ಲ. ಕೈಮಗ್ಗವಿರಲಿ, ಹೊಸದಾಗಿ ಬಂದ ಕರೆಂಟಿನ ಮಗ್ಗವಿರಲಿ, ಅಂದು ತೊಳೆದು ವಿಭೂತಿ ಹಚ್ಚಿ ಪೂಜೆ ಮಾಡಿ ಬಿಡುವುದು. ಹಚ್ಚಿದವನನ್ನು ದೈವ ಕೂಡಿಸಿ ಕೇಳುತ್ತಾರೆ. ದೈವ ಎಂದರೆ ನಮ್ಮಲ್ಲಿ ಊರ ಹಿರಿಯರು ಸೇರಿದ ಪಂಚಾಯಿತಿ.

ಹೊತ್ತು ಮುಳುಗಿತು. ನಾನು ರೇಡಿಯೋ ಮುಂದೆ ಕೂತೆ. ಪ್ರೊಫೆಸರು ಕಣ್ಣು ಮುಚ್ಚಿಕೊಂಡರು. ಗುಂಡಿ ತಿರುವಿದೆ.

ಖರ್‌ರ್.

ತಂತಿ ಸಡಿಲಾಗಿರಬೇಕೆಂದು ನೋಡಿದೆ, ಗಟ್ಟಿಯಾಗಿತ್ತು. ಬ್ಯಾಟರಿ ಮುಟ್ಟಿದೆ. ಸರಿಯಾಗಿತ್ತು. ಗುಂಡಿಯನ್ನು ಈ ತುದಿಯಿಂದ ಆ ತುದಿಗೆ ಎಳೆದೆ. ಎಲ್ಲ ಕಡೆಯೂ ಕಡಲೆ. ಕಲಕತ್ತೆಯಿಲ್ಲ, ಮದ್ರಾಸಿಲ್ಲ, ಲಂಕೆಯಿಲ್ಲ. ಅಂಗಿ ಬೆನ್ನಿಗೆ ಅಂಟಿತು. ಆಕಾಶದಲ್ಲಿ ಚಂದ್ರನಿಲ್ಲ ತಾನೇ ಎಂದು ಎದ್ದು ಬಾಗಿಲಿಗೆ ಹೋಗಿ ನೋಡುವಷ್ಟು ಬುದ್ಧಿ ಕೆಟ್ಟಿತ್ತು ನನಗೆ!

ಬಾಗಿಲು ತೆರೆದವನು ಹೊಸ್ತಿಲ ಮೇಲೆಯೇ ನಿಂತೆ.

ಓಣಿಯ ಎರಡೂ ಬದಿಯ ಕರೆಂಟಿನ ಮಗ್ಗಗಳು ನಡೆಯುತ್ತಿದ್ದವು. ಎಲ್ಲವೂ. ಖಟಾಪಟ್ ಖಟಾಪಟ್ ಎಂದು. ರೇಡಿಯೋದ ಗುಂಗಿನಲ್ಲಿ ಒಳಗೆ ಕೂತ ನನಗೆ ಅದು ದಿನದ ಸಪ್ಪಳದಂತೆ ಕಿವಿಗೇ ಬಿದ್ದಿರಲಿಲ್ಲ. ಬಾಗಿಲುಗಳಿಗೆ ತಳಿರು ಕಟ್ಟಿದ್ದರು. ಒಳಗೆ ಬಲ್ಬು ಉರಿಯುತ್ತಿದ್ದವು. ನೇಕಾರರು ಮಿಂದು, ಹೊಸ ರುಮಾಲು ಸುತ್ತಿ, ಮದುವೆಗೆ ನಿಂತವರಂತೆ ನಿಂತಿದ್ದರು. ಓಣಿಯ ನಡುವೆ ಒಡೆದ ತೆಂಗಿನಕಾಯಿಯ ನೀರು ಹರಿದಿತ್ತು. ಅಮಾವಾಸ್ಯೆಗೆ ಮಗ್ಗ! ಹುಟ್ಟಿದಾಗಿನಿಂದ ಕಾಣದ್ದನ್ನು ಕಂಡೆ. ಆ ಗಳಿಗೆಯಲ್ಲಿ ರೇಡಿಯೋ ಮರೆತುಹೋಯಿತು. ಊರಿಗೆ ಏನೋ ಆಗಬಾರದ್ದು ಆಗಿದೆ ಎಂದೇ ಅಂಜಿದೆ.

ಅಪ್ಪ ಕೈಯಲ್ಲಿ ಕೆಂಪು ವಸ್ತ್ರ ಹಿಡಿದು ಓಣಿಯ ನಡುವೆ ನಿಂತು ನಗುತ್ತಿದ್ದ.

"ಯಪ್ಪಾ, ಏನಿದು?"

"ಹೆಂಗೈತಿ? ನಿನಗೂ ಹೇಳಿದ್ದಿಲ್ಲ ನೋಡು! ದೈವದಾಗ ಕೂತು ಮಾತಾಡಿ ಒಪ್ಪಿಸೀನಿ. ಗುರುಗಳು ಸಾಂಗಲಿಯಿಂದ ನೇಕಾರ್ರ ಊರಿಗೆ ಬರತಾರ, ಬಂದ್ ಮಗ್ಗಾ ತೋರಿಸಿ ಕಳಸೂದು ಅಂದ್ರ ಹೆಣದ ಮುಂದ ಕುಂಡ್ರಿಸಿ ಕಳಿಸಿದಂಗ. ಉಣ್ಣಾಕ ಹಾಕಾಕ ಆಗೂದಿಲ್ಲ, ಕಣ್ಣಿಗರೆ ಊಟ ಹಾಕೂಣು ಅಂದೆ."

ಓಣಿಯ ಹಿರಿಯ ಕಟ್ಟೆಯ ಮೇಲಿಂದ ಕೂಗಿದ. "ನಮ್ಮ ಓಣಿ ಹುಡುಗ ಕಾಲೇಜಿಗೆ ಹೋಗತಾನ ಅಂದ್ರ ಒಂದು ಅಮಾಸಿ ಏನು ದೊಡ್ಡದ್ರಿ ಮಾಸ್ತರ! ಈ ಹೊತ್ತಿನ್ಯಾಗ ನೇದ ಅರಿವಿ ಮಾರಾಂಗಿಲ್ಲ, ಉಡಾಂಗಿಲ್ಲ, ಮಠಕ್ಕ ಕೊಡೂದು ಅಂತ ಠರಾವ್ ಮಾಡೇವಿ. ಪಾಪ ನಮಗ ಹತ್ತಾಂಗಿಲ್ಲ."

ಅಷ್ಟರಲ್ಲಿ ಪ್ರೊಫೆಸರು ನನ್ನ ಬೆನ್ನ ಹಿಂದೆ ಬಂದು ನಿಂತಿದ್ದರು. ಅವರು ಮಗ್ಗಗಳನ್ನು ನೋಡಿದರು. ತಿರುಗಿ ಒಳಗಿನ ರೇಡಿಯೋ ನೋಡಿದರು. ಮತ್ತೆ ಮಗ್ಗ ನೋಡಿದರು.

"ಏನೋ, ಇವು ದಿನಾ ಈ ಹೊತ್ತಿನ್ಯಾಗ ನಡೀತಾವೇನು?"

"ನಡೀತಾವ್ರಿ."

"ಅಮಾವಾಸ್ಯಾಕ್ಕ?"

ಆಗ ಹೊಳೆಯಿತು. ಹೊಳೆದದ್ದೇ ನೆಲವೇ ಜಾರಿದಂತಾಯಿತು. ಮಗ್ಗದ ಸಪ್ಪಳದಲ್ಲಿ ಹುಟ್ಟಿದವನಿಗೆ ಅದು ಸಪ್ಪಳವೇ ಅಲ್ಲ, ಉಸಿರಾಟದ ಹಾಗೆ. ತಿಂಗಳಿಗೊಮ್ಮೆ ಅದು ನಿಲ್ಲುವುದೂ ಹಾಗೇ. ಊರಿನ ಯಾರನ್ನು ಕೇಳಿದರೂ ಅಮಾವಾಸ್ಯೆ ಎಂದರೆ ಮಗ್ಗ ಬಂದ್ ಎನ್ನುತ್ತಿದ್ದರು. ನಾನು ಮಾತ್ರ ಅಮಾವಾಸ್ಯೆ ಎಂದರೆ ಚಂದ್ರ ಎಂದು ಓದಿಕೊಂಡಿದ್ದೆ.

ಪ್ರೊಫೆಸರು ಒಳಗೆ ಹೋಗಿ ರೇಡಿಯೋದ ಮುಂದೆ ತಾವೇ ಕೂತರು. "ನಿಮ್ಮ ತಂದಿಯವರಿಗೆ ಹೇಳು, ಸ್ವಲ್ಪ ನಿಲ್ಲಸ್ಲಿಕ್ಕೆ."

ಹೇಳಿದೆ. ಅಪ್ಪ ಕೆಂಪು ವಸ್ತ್ರ ಎತ್ತಿ ಬೀಸಿದ. ಒಂದೊಂದೇ ಮಗ್ಗ ನಿಂತವು. ಒಂದೊಂದು ನಿಂತಂತೆ ರೇಡಿಯೋದ ಖರ್‌ರ್ ಒಂದೊಂದು ಎಳೆ ಕಡಿಮೆಯಾಯಿತು. ಕಡೆಯ ಮಗ್ಗ ನಿಂತಾಗ ಲಂಕೆಯ ಹೆಂಗಸೊಬ್ಬಳು ಪಡಸಾಲೆಯ ನಡುವೆ ನಿಂತು ಮಾತಾಡಿದಂತೆ ಕೇಳಿತು.

"ಹಚ್ಚಲಿ."

ಅಪ್ಪ ವಸ್ತ್ರ ಇಳಿಸಿದ. ಮಗ್ಗ ಹೊಡೆದವು. ಹೆಂಗಸು ಮುಳುಗಿದಳು.

"ನಿಲ್ಲಸ್ಲಿ."

ಮತ್ತೆ ಹೆಂಗಸು. ಮತ್ತೆ ಮಗ್ಗ. ನಾನು ಬಾಗಿಲಲ್ಲಿ ನಿಂತು ಆ ಕಡೆ ಪ್ರೊಫೆಸರ ಬೆರಳು, ಈ ಕಡೆ ಅಪ್ಪನ ವಸ್ತ್ರ ನೋಡುತ್ತಿದ್ದೆ. ಪ್ರತಿ ಸಲ ವಸ್ತ್ರ ಏರಿದಾಗ ನನ್ನ ಕಾಲೇಜು ಒಂದೊಂದು ಹೆಜ್ಜೆ ದೂರ ಹೋಗುತ್ತಿತ್ತು. ಅಪ್ಪನ ಮುಖ ಮಾತ್ರ ಹಬ್ಬದ ಮುಖ.

"ಸಾಹೇಬ್ರಿಗೆ ಮಗ್ಗಾ ಭಾಳ ಸೇರ್ಯಾವಲೇ!" ಎಂದು ಓಣಿಗೆಲ್ಲ ಕೂಗಿ ಹೇಳಿದ. "ಹಚ್ಚು ಅಂತಾರ, ನಿಲ್ಲಸು ಅಂತಾರ, ಮತ್ತ ಹಚ್ಚು ಅಂತಾರ! ಇನ್ನೊಮ್ಮಿ ಹಚ್ಚೂಣೇನು?"

"ಹಚ್ರಿ ಕಾಕಾ, ಬೆಳತನಕ ಹಚ್ಚೂಣು!" ಎಂದು ಯಾರೋ ಒಳಗಿನಿಂದ ಒದರಿದರು. ಓಣಿಯೇ ನಕ್ಕಿತು.

ಪ್ರೊಫೆಸರು ರೇಡಿಯೋ ಬಂದ್ ಮಾಡಿದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಚಂದ್ರನ ಮಾತು ಇಲ್ಲಿಗೆ ಮುಗೀತು" ಅಂದರು. "ಇನ್ನ ನಾ ಅಲ್ಲಿ ಹೋಗಿ ಏನು ಹೇಳ್ಲಿ? ನೀನ ಹೇಳು."

"ಏನೂ ಹೇಳಬ್ಯಾಡ್ರಿ" ಅಂದೆ.

"ಕಿವಿ ನಿನ್ನದು ಛಲೋ ಅದ. ಆದ್ರ ಆ ಜಾಗಾಕ್ಕ ಅಷ್ಟ ಸಾಲೂದಿಲ್ಲ" ಅಂದು ಎದ್ದರು.

ಹೊರಗೆ ಬಂದವರು ಓಣಿಯಲ್ಲಿ ಒಂದು ಸುತ್ತು ಬಂದರು. ಪ್ರತಿ ಮಗ್ಗದ ಮುಂದೆ ನಿಂತರು, ಕೈಮುಗಿದರು, ಇದೇನು ಅದೇನು ಎಂದು ಕೇಳಿದರು. ಅಪ್ಪ ಧೋತರ ಕೊಟ್ಟ. ಅವರು ಅದರ ದಡಿಯನ್ನು ಬಲ್ಬಿನ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ ಹೆಗಲ ಮೇಲೆ ಹಾಕಿಕೊಂಡೇ ಬಸ್ಸು ಹತ್ತಿದರು.

ಬಸ್ಸು ಹೋದ ಮೇಲೆ ಅಪ್ಪ ನನ್ನ ಬೆನ್ನ ಮೇಲೆ ಕೈ ಹಾಕಿದ.

"ಆತಲ್ಲ ನೌಕ್ರಿ?"

ಸುಳ್ಳು ಹೇಳಬಹುದಿತ್ತು. ನನಗೆ ಬರುವುದಿಲ್ಲ. ಜೂನ್ ಬಂದೇ ಬರುತ್ತದೆ, ಆಗ ಗೊತ್ತಾಗಿಯೇ ತೀರುತ್ತದೆ. ಅಲ್ಲೇ ರಸ್ತೆಯ ಮೇಲೆ ನಿಂತು ಎಲ್ಲವನ್ನೂ ಹೇಳಿದೆ. ದಿನಾ ಸಂಜೆ ರೇಡಿಯೋದಲ್ಲಿ ಬರುತ್ತಿದ್ದದ್ದು ನಮ್ಮ ಮಗ್ಗದ ಮೋಟಾರಿನ ಕಿಡಿಯಿಂದ ಹುಟ್ಟಿದ ಸದ್ದು. ಅಮಾವಾಸ್ಯೆಗೆ ಮಗ್ಗ ಬಂದ್, ಅದಕ್ಕೇ ಸದ್ದು ಬಂದ್. ಇವತ್ತು ಮಗ್ಗ ಹಚ್ಚಿದ್ದಕ್ಕೆ ಅದು ಬಯಲಾಯಿತು. ನೌಕರಿ ಇಲ್ಲ.

ಅಪ್ಪ ಕೇಳುತ್ತ ನಿಂತ. ಕೈಯಲ್ಲಿದ್ದ ಕೆಂಪು ವಸ್ತ್ರವನ್ನು ಮಡಿಚಿದ, ಬಿಚ್ಚಿದ, ಮತ್ತೆ ಮಡಿಚಿದ. ಅಳುತ್ತಾನೆ ಅಂದುಕೊಂಡೆ. ಇಲ್ಲವೆ ನನ್ನನ್ನು ಹೊಡೆಯುತ್ತಾನೆ. ಎರಡಕ್ಕೂ ಸಿದ್ಧನಾಗಿದ್ದೆ.

"ಅಂದ್ರ ಚಂದ್ರಂದೇನೂ ತಪ್ಪಿಲ್ಲ ಅನ್ನು" ಅಂದ.

"ಇಲ್ಲ."

"ನಾ ಮಗ್ಗಾ ಹಚ್ಚಸಲಿಲ್ಲಂದ್ರ ನಿನಗ ನೌಕ್ರಿ ಆಗತಿತ್ತು."

"ಆಗತಿತ್ತು."

"ಆಮ್ಯಾಲ ಅಲ್ಲಿ ಹೋಗಿ ಎಲ್ಲಾರ ಮುಂದ ಈ ಸುಳ್ಳು ಹೇಳತಿದ್ದಿ."

ನಾನು ಅದನ್ನು ಹಾಗೆ ನೋಡಿರಲಿಲ್ಲ. ಅಪ್ಪನೂ ಮತ್ತೆ ಆ ಮಾತು ಎತ್ತಲಿಲ್ಲ. ಇಬ್ಬರೂ ಮನೆಯ ಕಡೆ ನಡೆದೆವು. ಅಪ್ಪನ ಎದೆಯ ಮೇಲೆ ಇನ್ನೊಂದು ಭಾರವಿದೆ ಎಂದು ನನಗೆ ತಿಳಿದಿತ್ತು. ದೈವದಲ್ಲಿ ಕೂತು ಮಗನ ಹೆಸರು ಹೇಳಿ ಅಮಾವಾಸ್ಯೆ ಮುರಿಸಿದವನು ಅವನು. ನಾಳೆ ಅವರು ಕೇಳಿದರೆ ಏನು ಹೇಳುತ್ತಾನೆ? ನನ್ನ ನೌಕರಿಗಿಂತ ಅದೇ ನನ್ನನ್ನು ಹೆಚ್ಚು ಕೊರೆಯಿತು.

ಮರುದಿನ ಮುಂಜಾನೆ ಹಿರಿಯರು ಬಂದೇ ಬಂದರು. ಅಂಗಳದಲ್ಲಿ ಕೂತರು. ಒಬ್ಬನ ಕೈಯಲ್ಲಿ ಹಿಂದಿನ ಸಂಜೆ ನೇಯ್ದ ಅರಿವೆಯ ತುಂಡುಗಳಿದ್ದವು.

"ಏನಾತಪಾ ಮಾಸ್ತರನ ಕೆಲಸಾ?"

ನಾನು ಒಳಗೆ ಬಾಗಿಲ ಸಂದಿಯಲ್ಲಿ ಉಸಿರು ಹಿಡಿದು ನಿಂತಿದ್ದೆ. ಅಪ್ಪ ತಲೆ ತಗ್ಗಿಸಬಹುದು, ಕೈ ಜೋಡಿಸಬಹುದು ಅಂದುಕೊಂಡೆ. ಅಪ್ಪ ಗಂಟಲು ಸರಿ ಮಾಡಿಕೊಂಡ.

"ನೌಕ್ರಿ ಆಗಲಿಲ್ಲ. ಆದ್ರ ನನ್ನ ಮಗಾ ಒಂದು ಕಂಡಹಿಡದಾನ. ಸಾಂಗಲಿ ಸಾಹೇಬ್ರು ನಾಕ ಸಲ ಹಚ್ಚಿಸಿ ನಿಲ್ಲಿಸಿ ಖಾತ್ರಿ ಮಾಡಿಕೊಂಡ ಹೋಗ್ಯಾರ. ನೀವೂ ಕಂಡೀರಿ. ಅಲ್ಲಿ ಲಂಕಾದಾಗ ರಗಡ ದೊಡ್ಡ ಮಶಿನ್ ಇಟ್ಟು ಜಗತ್ತಿಗೆಲ್ಲಾ ಕೇಳೂವಂಗ ಒದರತಾರಂತ. ನಮ್ಮ ಓಣ್ಯಾಗಿನ ಮಗ್ಗಾ ಚಾಲೂ ಆದ್ವು ಅಂದ್ರ ಲಂಕಾದ ಬಾಯಿ ಬಂದ್!"

ಓಣಿಯ ಹಿರಿಯ ತೊಡೆ ತಟ್ಟಿದ. "ರಾವಣನ ಊರಿನ ಬಾಯಿ?"

"ಕರಾಚೀದೂ ಬಂದ್. ಕಾಬೂಲಿಂದೂ ಬಂದ್."

"ಏ ಶಾಬಾಸ್! ನಮ್ಮ ಮಗ್ಗಾ ಅಂದ್ರ ಏನಂತ ತಿಳಿದಾರ!"

ಅಂಗಳದಲ್ಲಿ ನಗೆಯೆದ್ದಿತು. ನಾನು ಬಾಗಿಲ ಹಿಂದೆ ಸೆಟೆದು ನಿಂತುಬಿಟ್ಟಿದ್ದೆ. ನನ್ನ ಸೋಲನ್ನು ಅಪ್ಪ ಅರಿವೆ ಕೊಡವಿದಂತೆ ಕೊಡವಿ ತಿರುವಿ ಹಾಕಿದ್ದ, ಅದರಲ್ಲಿ ಒಂದೂ ಸುಳ್ಳಿರಲಿಲ್ಲ. ಅಂದಿನಿಂದ ಊರಿನಲ್ಲಿ ನನಗೆ ಅಮಾಸಿ ಮಾಸ್ತರ ಎಂಬ ಹೆಸರೇ ಬಿತ್ತು. ಪಕ್ಕದ ರಬಕವಿಯ ಅಂಗಡಿಗಳಲ್ಲೂ ಹಾಗೇ ಕರೆದರು. ನಾನು ಸಾಲಿ ಮಾಸ್ತರನಾಗಿಯೇ ಉಳಿದೆ. ಕಾಲೇಜಿನ ಆ ಜಾಗಕ್ಕೆ ಇನ್ನೊಬ್ಬರು ಬಂದರು.

ಆ ಮುಂಜಾನೆ ಹಿರಿಯರು ಏಳುವ ಮುಂದೆ ಅರಿವೆಯ ಮಾತು ಬಂತು. ಬೆಳಗಾಗುತ್ತಲೇ ಮಠಕ್ಕೆ ಒಯ್ದಿದ್ದರಂತೆ. ಅಮಾವಾಸ್ಯೆಯಲ್ಲಿ ನೇಯ್ದದ್ದು ನಮಗೂ ಬೇಡ ಎಂದು ಸ್ವಾಮಿಗಳು ನಕ್ಕು ತಿರುಗಿ ಕಳಿಸಿದ್ದರಂತೆ. ಮಾರುವಂತಿಲ್ಲ, ಉಡುವಂತಿಲ್ಲ, ಇನ್ನು ಸುಡುವುದೇ ಎಂದು ಒಬ್ಬ ಕೇಳಿದ.

"ಸುಡಾಕ ಅದೇನು ಕಳವು ಮಾಡಿದ್ದೇನು?" ಅಂದ ಹಿರಿಯ. ಹಸಿರು ದಡಿಯ ಒಂದು ತುಂಡು ಆರಿಸಿ, ಬಾಗಿಲ ಹಿಂದಿದ್ದ ನನ್ನ ಕಡೆಗೇ ಚಾಚಿದ. ನಾನು ಅಲ್ಲಿರುವುದು ಅವನಿಗೆ ಮೊದಲೇ ಗೊತ್ತಿತ್ತು. "ಹೊರಗ ಬಾರೋ ಮಾಸ್ತರ. ತಗೋ. ರೇಡಿಯೋದ ಬಾಯಿ ಮುಚ್ಚಿಸಿದ ಅರಿವಿ ಅದರ ಮೈಮ್ಯಾಲನ ಇರ್ಲಿ."

ಅವ್ವ ಅದಕ್ಕೆ ಅಂಚು ಹೊಲಿದು ರೇಡಿಯೋದ ಮೇಲೆ ಹೊದಿಸಿದಳು. ಮುಂದಿನ ಅಮಾವಾಸ್ಯೆಯ ಸಂಜೆ ಹೊತ್ತು ಮುಳುಗಿದ ಮೇಲೆ ಅಪ್ಪ ಮಿಂದು ಬಂದು ನನ್ನ ಪಕ್ಕದಲ್ಲಿ ಕೂತ. ಓಣಿ ಸುಮ್ಮನಿತ್ತು. ನಾನು ಅರಿವೆಯನ್ನು ತೆಗೆದು ಮಡಿಚಿ ಅಪ್ಪನ ತೊಡೆಯ ಮೇಲೆ ಇಟ್ಟು, ಗುಂಡಿ ತಿರುವಿದೆ.